ಜುಲೇಖಾಬಿಯ ವಾರಕ್ಕೆ ಎಷ್ಟು ದಿನ?

ಇದನ್ನು ಹೇಳಲು ನಾನು ಬಾಯಿ ತೆರೆಯುವುದೇ ಒಂದು ಅಧಿಕಪ್ರಸಂಗ. ಓದುಗರು ಕ್ಷಮಿಸಬೇಕು. ಆ ಮಧ್ಯಾಹ್ನ ಜುಲೇಖಾಬಿಯವರ ಮುಂದೆ ಇಟ್ಟಿದ್ದ ತಪ್ಪೊಪ್ಪಿಗೆಯ ಕಾಗದವನ್ನು ಟೈಪು ಮಾಡಿದವನು ನಾನೇ. ತಹಶೀಲ್ದಾರ ಕಚೇರಿಯ ಎದುರು ಅರ್ಜಿ ಬರೆಯುವ ಈರೇಶ ಅಂದರೆ ನವಲಗುಂದದಲ್ಲಿ ಯಾರಾದರೂ ತೋರಿಸುತ್ತಾರೆ. ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ.

ಜಮಖಾನ ಸಂಘದ ಹಾಲ್‌ನಲ್ಲಿ, ಕಮಿಟಿಯ ಹತ್ತು ಮಂದಿಯ ಎದುರು, ಅವರ ಹೆಬ್ಬೆರಳು ಮಸಿಯ ಪ್ಯಾಡಿನಿಂದ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು. ಐವತ್ತು ವರ್ಷ ಜಮಖಾನ ನೇಯ್ದ ಕೈ ಅದು.

"ಒತ್ರಿ, ಒತ್ರಿ" ಎಂದರು ಸಂಘದ ಸೆಕ್ರೆಟರಿ ಹೇಮಂತರಾಯರು. "ಮರತು ಒಯ್ದೆ ಅಂತ ಬರಸೇನಿ. ಕದ್ದೆ ಅಂತ ಬರಸಿಲ್ಲ. ನಿಮ್ಮ ಮಾನ ಉಳಸೇನಿ ಜುಲೇಖಾಬಿ, ಜರಾ ತಿಳಕೋರಿ."

ಮಾನ ಉಳಿಸುವ ಆ ಮಹಾನುಭಾವರು ಹೊರಗೆ ಒಂದು ಮೂರುಗಾಲಿ ಟಂಟಂ ಗಾಡಿ ತರಿಸಿ ನಿಲ್ಲಿಸಿದ್ದರು. ಹೆಬ್ಬೆಟ್ಟು ಬಿದ್ದ ಕೂಡಲೇ ಜುಲೇಖಾಬಿಯವರ ಮನೆಯಲ್ಲಿರುವ ಸಂಘದ ಮಗ್ಗವನ್ನು ಬಿಚ್ಚಿ, ತೊಲೆ ಸಹಿತ ಹೇರಿಕೊಂಡು ಬರಲು. ಮಗ್ಗ ಹೋದರೆ ಅವರ ನೇಯ್ಗೆ ಅಲ್ಲಿಗೇ ಮುಗಿಯಿತು. ಅರವತ್ತೆಂಟರ ಹೆಂಗಸಿಗೆ ಬೇರೆ ಯಾರೂ ಮಗ್ಗ ಕೊಡುವುದಿಲ್ಲ.

ಹಿಂದಿನದು ಒಂದೇ ಸಾಲಿನಲ್ಲಿ: ನವಿಲು ಜಮಖಾನ ಸಂಘದ ಕಪಾಟಿನಿಂದ ನೂರು ವರ್ಷದ ಹಿರೇ ಜಮಖಾನ ಮಾಯವಾಗಿತ್ತು, ಹನ್ನೆರಡನೇ ದಿನ ಅದು ಜುಲೇಖಾಬಿಯವರ ಟ್ರಂಕಿನಲ್ಲಿ, ಕೌದಿಗಳ ಕೆಳಗೆ ಸಿಕ್ಕಿತ್ತು.

ಸಿಕ್ಕ ದಿನವೇ ಅವರು ಹೇಳಿದ್ದರು. ಇದು ಹಿರೇದಲ್ಲ, ಅದನ್ನು ನೋಡಿ ನಾನೇ ನೇಯ್ದ ಜೋಡಿ, ಸೆಕ್ರೆಟ್ರಿಸಾಬರೇ ಹಳೇ ಬಣ್ಣಗೆಟ್ಟ ನೂಲು ಕೊಟ್ಟು ನೇಯಿಸಿದರು, ದಿಲ್ಲಿಯ ಪ್ರದರ್ಶನಕ್ಕೆ, ಯಾರಿಗೂ ಹೇಳಬೇಡ ಅಂದಿದ್ದರು, ಬಂದು ಒಯ್ಯುವವರೆಗೆ ಟ್ರಂಕಿನಲ್ಲಿ ಇಡು ಅಂದಿದ್ದರು ಎಂದು.

ಹೇಮಂತರಾಯರು ಆಗ ನಕ್ಕಿದ್ದರು. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ಹೇಸಿಕೆ ಅನಿಸುತ್ತಿರಲಿಲ್ಲ. ಅವರು ಕನಿಕರದಿಂದ ನಕ್ಕರು. "ಯಾವ ಆರ್ಡರ್ ಜುಲೇಖಾಬಿ? ನಾ ಎಂದು ಕೊಟ್ಟೆ? ಪಾಪ, ನೀವಽ ಡಾಕ್ಟರ ಮುಂದ ಹೇಳೀರಲ್ಲ, ನನಗ ಮರವು ಹೆಚ್ಚಾಗೇತಿ ಅಂತ."

ಹೇಳಿದ್ದು ನಿಜ. ಅದನ್ನೂ ಬರೆದವನು ನಾನೇ.

ಆರು ತಿಂಗಳ ಹಿಂದೆ ಸಂಘದ ಇದೇ ಹಾಲ್‌ನಲ್ಲಿ ಹಿರಿಯರ ನೆನಪಿನ ಶಿಬಿರ ನಡೆದಿತ್ತು. ಗೌತಮಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದರು. ಓದುಬರಹ ಬಾರದವರ ಫಾರಮು ತುಂಬಲು ನನ್ನನ್ನು ಕೂರಿಸಿದ್ದರು. ಮೊದಲ ಪ್ರಶ್ನೆ, ಮೊದಲಿಗಿಂತ ನಿಮ್ಮ ಮರೆವು ಹೆಚ್ಚಾಗಿದೆ ಎಂದು ನಿಮಗೆ ಅನಿಸುತ್ತದೆಯೇ?

ನಲವತ್ತೊಂದು ಮಂದಿ. ನಲವತ್ತು ಮಂದಿ ಎದೆ ಉಬ್ಬಿಸಿ 'ಇಲ್ಲ' ಎಂದರು. ಆ ನಲವತ್ತರಲ್ಲಿ ಒಬ್ಬರು ಹೋಗುವಾಗ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದರು. ಹೇಮಂತರಾಯರು ಮಂತ್ರಿಗಳ ಕೊರಳಿಗೆ ತಾವು ಹಾರ ಹಾಕಿದ ಕಥೆಯನ್ನು ಡಾಕ್ಟರಿಗೆ ಅರ್ಧ ತಾಸಿನಲ್ಲಿ ಮೂರು ಸಲ ಹೇಳಿ, 'ನನ್ನ ಮೆಮರಿ ಅಗದಿ ಕಬ್ಬಿಣ' ಎಂದು ಬರೆಸಿದರು.

ಜುಲೇಖಾಬಿ ಒಬ್ಬರೇ 'ಹೌದ್ರಿ' ಎಂದರು.

ಆಗ ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ತಮಗೇ ಮರೆವು ಅನಿಸುವವರಲ್ಲಿ ಕೆಲವರಿಗೆ ಮುಂದೆ ನಿಜವಾಗಿ ತೊಂದರೆ ಬರಬಹುದು, ಬಹಳ ಮಂದಿಗೆ ಬರುವುದೂ ಇಲ್ಲ, ಅದಕ್ಕೇ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ, ಹೇಳಿದ್ದು ಒಳ್ಳೆಯದಾಯಿತು ಎಂದಿದ್ದರು. ಕಬ್ಬಿಣದ ಮೆಮರಿಯ ಹೇಮಂತರಾಯರಿಗೆ ಈ ಮಾತಿನಲ್ಲಿ 'ತೊಂದರೆ ಬರಬಹುದು' ಎಂಬಷ್ಟೇ ಉಳಿದಿತ್ತು. ಡಾಕ್ಟರು ಊಟಕ್ಕೆ ಎದ್ದಾಗ ಆ ಫಾರಮಿನ ಫೋಟೋವನ್ನೂ ಅವರು ಮೊಬೈಲಿನಲ್ಲಿ ಹೊಡೆದುಕೊಂಡಿದ್ದರು. ಸತ್ಯ ಹೇಳಿದವರ ಕೊರಳಿಗೆ ಅದೇ ಸತ್ಯವನ್ನು ಹಗ್ಗ ಮಾಡುವುದು ಎಂಥ ಕಸಬು ಎಂದು ನನಗೆ ಈಗಲೂ ತಿಳಿಯುವುದಿಲ್ಲ.

"ನಾನಽ ಮರತಿರಬೇಕ್ರಿ" ಎಂದರು ಜುಲೇಖಾಬಿ, ಯಾರನ್ನೂ ನೋಡದೆ. "ಇಷ್ಟು ಮಂದಿ ಹೇಳಾಕತ್ತಾರ. ನಂದು ಒಬ್ಬಾಕಿ ನೆನಪು. ಅವ್ರದು ಹತ್ತು ಮಂದೀದು."

"ಹತ್ತು ಸೊನ್ನಿ ಕೂಡಿಸಿದ್ರ ಎಷ್ಟಾಗತದ ಜುಲೇಖಾ?"

ಬಾಗಿಲಲ್ಲಿ ಮಥುರಾಬಾಯಿ ಅಕ್ಕೋರು ನಿಂತಿದ್ದರು. ಎಪ್ಪತ್ತೆಂಟು ವರ್ಷ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯ ಮೇಲೆ ಊರಿನ ಕಳವು ಮೋಸಗಳನ್ನು ಬಿಡಿಸುವುದೇ ಅವರ ಉದ್ಯೋಗ. ಹಾಲ್‌ನಲ್ಲಿ ಕೂತ ಅರ್ಧ ಮಂದಿ ಅವರ ಕೈಯಲ್ಲಿ ಏಟು ತಿಂದವರು. ಹೇಮಂತರಾಯರೂ ಎದ್ದು ನಿಂತರು. ಕಾಲುಗಳಿಗೆ ಹಳೆಯ ಅಭ್ಯಾಸ.

"ಬರ್ರಿ ಅಕ್ಕೋರ, ಬರ್ರಿ. ನೀವ್ಯಾಕ ಬಿಸಲಾಗ..."

"ಬಿಸಲಾಗ ಬಂದ್ರ ನಾ ಕರಗೂದಿಲ್ಲ. ಕೂಡು." ಅಕ್ಕೋರು ಮೇಜಿನ ಮೇಲಿನ ಕಾಗದವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. "ಈರೇಶ, ಇದು ನಿನ್ನ ಕೆಲಸ ಏನು?"

"ಹೌದ್ರಿ ಅಕ್ಕೋರ."

"'ಅಜಾಗರೂಕತೆಯಿಂದ' ಅಂತ ತಪ್ಪಿಲ್ಲದ ಹೊಡದೀ. ಬುದ್ಧಿ ಬೆರಳಿನ ತನಕ ಅಷ್ಟಽ ಬಂದದ, ತಲಿಗೆ ಏರಿಲ್ಲ."

ಅಕ್ಕೋರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅದು ಸಂಘದ ಕಾಗದ ರೀ!" ಎಂದರು ಹೇಮಂತರಾಯರು.

"ವಾಪಸ್ ಕೊಡ್ತೀನಿ. ಮದಲ ಒಂದು ಹೇಳು. ಜುಲೇಖಾನ ಟ್ರಂಕಿನ್ಯಾಗ ಸಿಕ್ಕದ್ದು ಹಿರೇ ಜಮಖಾನ ಅಂತೀ. ಖಾತ್ರಿ ಅದ?"

"ಇಪ್ಪತ್ತೆರಡು ವರ್ಷ ಆತ್ರಿ ನನ್ನ ಕಣ್ಣ ಮುಂದ. ನಿದ್ದಿಗಣ್ಣಾಗ ತೋರಿಸಿದ್ರೂ ಹೇಳ್ತೀನಿ."

"ಎಚ್ಚರಿದ್ದಾಗ ಹೇಳು, ಸಾಕು. ಇಪ್ಪತ್ತೆರಡು ವರ್ಷದಾಗ ಅದಕ್ಕ ಏನರ ರಿಪೇರಿ ಮಾಡಸೀಯೇನು? ಒಂದರ ಎಳಿ, ಒಂದರ ಗಂಟು?"

"ಛೇ! ಯಾರಿಗೂ ಮುಟ್ಟಲಿಕ್ಕೇ ಬಿಟ್ಟಿಲ್ಲ. ಕಪಾಟಿನ ಕೀಲಿ ಒಂದು ನನ್ನ ಕಡೆ, ಒಂದು ಅಧ್ಯಕ್ಷರ ಕಡೆ."

ಅಧ್ಯಕ್ಷ ಶರೀಫಸಾಬರು ಕುರ್ಚಿಯಲ್ಲಿ ಎಚ್ಚರಾಗಿ "ಹೌದ್ ಹೌದ್" ಎಂದರು. ಅವರು ಬೆಳಿಗ್ಗೆಯಿಂದ ಎಲ್ಲರಿಗೂ ಹಾಗೇ ಅಂದಿದ್ದರು. ಕಪಾಟಿನ ಕೀಲಿ ಅವರ ಜನಿವಾರದಂತಿದ್ದ ಕರಿ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಅದನ್ನು ಯಾರು ಬಿಚ್ಚಿಕೊಂಡು ಮತ್ತೆ ಕಟ್ಟಿದರೂ ಅವರಿಗೆ ತಿಳಿಯುವ ಹಾಗಿರಲಿಲ್ಲ.

"ಈರೇಶ, ಹೊಡಿ" ಎಂದರು ಅಕ್ಕೋರು. "ಇದು ಹಿರೇ ಜಮಖಾನವೇ. ನಾನು ಖಚಿತವಾಗಿ ಗುರುತಿಸಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಇದಕ್ಕೆ ಹೊಸ ಎಳೆ ಸೇರಿಲ್ಲ. ಸಹಿ, ಹೇಮಂತ."

ಟೈಪು ಮಾಡಿದೆ. ರಾಯರು ಖುಷಿಯಿಂದ, ಬಾಲ ಎಳೆದು, ಸಹಿ ಹಾಕಿದರು. ಖಚಿತವಾಗಿ ಇರುವುದು ಅವರ ಹವ್ಯಾಸ.

ಅಕ್ಕೋರು ಆಮೇಲೆ ಜುಲೇಖಾಬಿಯವರ ಎದುರು ಕುರ್ಚಿ ಎಳೆದುಕೊಂಡರು. ಧ್ವನಿ ಬದಲಾಗಲಿಲ್ಲ. ಅವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ.

"ಮರವು ಹೆಚ್ಚಾಗೇದ ಅಂತ ಯಾವಾಗಿಂದ ಅನಸ್ಲಿಕ್ಕೆ ಹತ್ತೇದ?"

"ಎರಡು ವರ್ಷ ಆತ್ರಿ ಅಕ್ಕೋರ."

"ಅದಕ್ಕ ಏನು ಮಾಡ್ಕೊಂಡಿ? ಸುಮ್ಮ ಕೂತಿ? ನಿನ್ನಂಥ ಹೆಂಗಸು ಸುಮ್ಮ ಕೂಡೂದಿಲ್ಲ."

ಜುಲೇಖಾಬಿಯವರ ಮುಖ ಕೆಂಪಾಯಿತು. ಕಳ್ಳಿ ಅಂದಾಗ ಕೆಂಪಾಗದ ಮುಖ. ಅವರು ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದ ನಾದಿನಿ ಮೈಮುನಬಿಯ ಕಡೆ ಒಮ್ಮೆ ನೋಡಿ ಸೆರಗು ಎಳೆದುಕೊಂಡರು.

ಅದರ ಕಾರಣ ಹೇಳಬೇಕು. ಈ ಓಣಿಯ ಹೆಂಗಸರು ನಕ್ಷೆ ಇಟ್ಟುಕೊಂಡು ನೇಯುವುದಿಲ್ಲ. ನವಿಲಿನ ಕೊರಳು ಎಷ್ಟು ಎಳೆಗೆ ತಿರುಗಬೇಕು, ಪಗಡೆಯ ಮನೆ ಎಲ್ಲಿ ಮುಗಿಯಬೇಕು ಎಲ್ಲವೂ ತಲೆಯಲ್ಲೇ. ನಿನ್ನೆ ಎಲ್ಲಿ ನಿಲ್ಲಿಸಿದೆ ಎನ್ನುವುದಕ್ಕೆ ಗುರುತು ಬೇಕಾಗುವುದು ಹೊಸದಾಗಿ ಕಲಿಯುವ ಪುಟ್ಟ ಹುಡುಗಿಯರಿಗೆ. ಬೆಳೆದ ಹೆಂಗಸು ಗುರುತು ಹಾಕಿದರೆ ಓಣಿಯಲ್ಲಿ ವರ್ಷವಿಡೀ ನಗೆ.

"ಗುರ್ತು ಹಾಕ್ತೀನ್ರಿ" ಎಂದರು ಜುಲೇಖಾಬಿ.

ಹಾಲ್‌ನಲ್ಲಿ ಕೂತ ನೇಕಾರ ಹೆಂಗಸರ ನಡುವೆ ಪಿಸುಮಾತು ಹಬ್ಬಿತು. ಒಬ್ಬಳು ಕಿಸಕ್ಕನೆ ನಕ್ಕಳು.

"ಗುರ್ತಾ ಭಾಬಿ? ನೀ?" ಎಂದಳು ಮೈಮುನಬಿ. "ಹದಿನೆಂಟು ವರ್ಷ ನಿನ್ನ ಬಾಜು ಕೂತು ನೇಯ್ದೀನಿ, ನನಗ ಗೊತ್ತಽ ಇಲ್ಲ!"

"ಗೊತ್ತಾಗಬಾರದು ಅಂತಽ ಹಾಕಿದ್ದು."

"ಹೆಂಗ ಹಾಕ್ತೀ, ಹೇಳು" ಎಂದರು ಅಕ್ಕೋರು.

"ಮೊಮ್ಮಗಳ ಸಾಲಿ ರಿಬ್ಬನ್ ಐತ್ರಿ, ಹಸರು. ಹರದದ್ದು. ಅದರದು ಒಂದು ಎಳಿ ಹಿರದು, ಆ ದಿನದ ಕೆಲಸ ನಿಂತ ಕಡೆ ಅಂಚಿನೊಳಗ ಸಿಗಸ್ತೀನಿ. ಎಳ್ಳಿನಷ್ಟು. ಶುಕ್ರವಾರ ನಾವು ಮಗ್ಗಕ್ಕ ಕೂಡೂದಿಲ್ಲ. ಅದಕ್ಕ ಶನಿವಾರ ಸುರು ಮಾಡೂ ಮದಲ ಬಿಳಿ ರಿಬ್ಬನ್ನಿಂದು ಒಂದು. ಆರು ಹಸರು, ಒಂದು ಬಿಳಿ. ಜಮಖಾನ ಮುಗದ ಮ್ಯಾಲ ಚಿಮಟಾದಿಂದ ಎಲ್ಲಾ ಕಿತ್ತು ಬಿಡ್ತೀನ್ರಿ."

"ಈ ಜಮಖಾನದ್ದು ಕಿತ್ತೀಯೇನು?"

ಹೊರಗೆ ಟಂಟಂನವನು ಎರಡು ಸಲ ಹಾರ್ನ್ ಹೊಡೆದ.

"ನೆನಪಿಲ್ರಿ ಅಕ್ಕೋರ."

ಹೇಮಂತರಾಯರು ಬಾಯಿ ತುಂಬ ನಕ್ಕರು. "ಕೇಳಿದ್ರೆಲ್ಲೋ? ನಾ ಏನ್ ಬ್ಯಾರೆ ಹೇಳೀನಿ?"

"ನಕ್ಕಿದ್ದು ಸಾಕು. ಕಪಾಟ ತಗಿ" ಎಂದರು ಅಕ್ಕೋರು.

ಸಿಕ್ಕ ದಿನವೇ ರಾಯರು ಕಪಾಟಿಗೆ ಒಂದೇ ಕೀಲಿಯ ಹೊಸ ಬೀಗ ಹಾಕಿ ಜಮಖಾನವನ್ನು ಅದರಲ್ಲಿ ಇಟ್ಟಿದ್ದರು. ಬೇರೆಯವರು ಮುಟ್ಟಿರಲು ಸಾಧ್ಯವಿರಲಿಲ್ಲ. ತಂದು ನೆಲದ ಮೇಲೆ ಹಾಸಿದರು. ಕೆಂಪು ನೆಲ, ನಾಲ್ಕು ಮೂಲೆಗೆ ನವಿಲು, ನಡುವೆ ಪಗಡೆ. ಬಣ್ಣ ನಿಜವಾಗಿಯೂ ನೂರು ವರ್ಷದ ಹಾಗೆ ಇಳಿದಿತ್ತು. ಇದೇ ಹಿರೇದಾಗಿದ್ದರೆ?

"ಈರೇಶ, ಮಂಡಿ ಊರು."

ಎಡಗಡೆಯ ಅಂಚನ್ನು ಬೆರಳಿನಿಂದ ಬಿಡಿಸುತ್ತ ಹೋದೆ. ಎರಡು ಬೆರಳು. ಏನಿಲ್ಲ. ಮತ್ತೆ ಒಂದಿಷ್ಟು. ಉಗುರಿಗೆ ಏನೋ ನುಣ್ಣಗೆ ತಾಗಿತು.

ಹಸಿರು. ಎಳ್ಳಿಗಿಂತ ಸಣ್ಣದು.

ಕಿತ್ತುಹಾಕುವುದನ್ನು ಜುಲೇಖಾಬಿ ಮರೆತಿದ್ದರು.

"ಅದು... ಯಾವುದೋ ಎಳಿ ಇದ್ದೀತು" ಎಂದರು ಹೇಮಂತರಾಯರು. "ಹಳೇ ಕಾಲದ್ದು."

"ಹಳೇ ಕಾಲದ್ದಽ? ಕಡ್ಡಿಪೆಟ್ಟಗಿ ಕೊಡು." ಅಕ್ಕೋರು ಅಂಚಿನ ಕೆಂಪು ನೂಲಿನ ಒಂದು ಚೂರನ್ನು ಕಿತ್ತು ಕಡ್ಡಿಯ ಬೆಂಕಿಗೆ ಹಿಡಿದರು. ಕಾಗದ ಸುಟ್ಟ ವಾಸನೆ ಬಂತು, ಬೂದಿ ಉದುರಿತು. ಆಮೇಲೆ ನಾನು ತೆಗೆದುಕೊಟ್ಟ ಹಸಿರು ಎಳೆಯನ್ನು ಹಿಡಿದರು. ಅದು ಉರಿಯಲಿಲ್ಲ. ಕುಗ್ಗಿ, ಕರಗಿ, ಕರಿ ಮಣಿಯಾಗಿ ಕಡ್ಡಿಗೆ ಅಂಟಿತು.

"ನೈಲಾನ್" ಎಂದರು ಅಕ್ಕೋರು. "ನಿನ್ನ ನೂರು ವರ್ಷದ ಜಮಖಾನದಾಗ ಸಾಲಿ ಹುಡಿಗಿ ರಿಬ್ಬನ್. ಇದರಾಗ ಹೊಸ ಎಳಿ ಸೇರಿಲ್ಲ ಅಂತ ನೀನಽ ಸಹಿ ಹಾಕೀ, ಹೇಮಂತಾ. ಅಂದ್ರ ಇದು ಹಿರೇದಲ್ಲ. ಜುಲೇಖಾ ನೇಯ್ದದ್ದು. ನೀ ನೇಯಿಸಿದ್ದು, ಖರೇ ಹಿರೇದರ ಜಾಗಾಕ್ಕ ತೋರಸಲಿಕ್ಕೆ."

"ನಾ ಆರ್ಡರ್ ಕೊಟ್ಟಿಲ್ರಿ!"

"ಹಂಗಾದ್ರ ಇದು ಹಿರೇದು ಅಂತ ಖಾತ್ರಿ ಮಾಡಿ ಯಾಕ ಸಹಿ ಹಾಕಿದಿ?"

"ಅದು... ನೋಡ್ಲಿಕ್ಕೆ ಒಂದಽ ಥರ... ನಾ ತಪ್ಪಿ..."

"ಕಣ್ಣು ತಪ್ಪಿತೋ ನೆನಪು ತಪ್ಪಿತೋ?"

ರಾಯರು ಕರವಸ್ತ್ರದಿಂದ ಕುತ್ತಿಗೆ ಒರೆಸಿದರು. ಹತ್ತು ಜನ ಅವರನ್ನೇ ನೋಡುತ್ತಿದ್ದರು. ಅದೇ ಹತ್ತು ಜನ. ಬೆಳಿಗ್ಗೆ ಅವರ ಪರವಾಗಿ ತಲೆಯಾಡಿಸಿದ ತಲೆಗಳು ಈಗ ಇನ್ನೊಂದು ಕಡೆಗೆ ಆಡಲು ತಯಾರಾಗಿದ್ದವು. ನನಗೆ ಅವುಗಳ ಬಗ್ಗೆಯೂ ಗೌರವ ಉಳಿಯಲಿಲ್ಲ.

"ಆ ನೂಲು ಯಾರಿಗೆ ಕೊಟ್ಟೆ, ಯಾವಾಗ ಕೊಟ್ಟೆ... ಎಲ್ಲಾ ಹೆಂಗ ನೆನಪಿರತದ್ರಿ ಅಕ್ಕೋರ?"

"ಈರೇಶ, ಹೊಡಿ. ನನಗೆ ನೆನಪಿಲ್ಲ. ಸಹಿ, ಹೇಮಂತ. ಕಬ್ಬಿಣಕ್ಕ ತುಕ್ಕು ಹಿಡೀತು ಅಂತ ಬ್ಯಾರೆ ಬರಿಯೂದು ಬ್ಯಾಡ."

ಶರೀಫಸಾಬರು "ಹೌದ್ ಹೌದ್" ಎಂದರು. ಈ ಸಲ ಜನ ನಕ್ಕರು. ರಾಯರು ಬಾಲ ಎಳೆಯದೆ ಸಹಿ ಹಾಕಿದರು. ಯಾರೋ ಹೊರಗೆ ಹೋಗಿ ಟಂಟಂನವನಿಗೆ ಹೋಗು ಅಂದರು.

ಜುಲೇಖಾಬಿ ನಗಲಿಲ್ಲ. ಜಮಖಾನದ ಇನ್ನೊಂದು ಬದಿಗೆ ಕೂತು ನವಿಲಿನ ಕೊರಳ ಮೇಲೆ ಅಂಗೈ ಆಡಿಸುತ್ತಿದ್ದರು. "ನಾ ಮರತಿದ್ದಿಲ್ಲ" ಎಂದರು ತಮ್ಮಷ್ಟಕ್ಕೆ. "ಮರತಿದ್ದಿಲ್ಲ ನೋಡ್ರಿ."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಕ್ಕೋರು ಗಣಿತದವರು.

"ಗುರ್ತು ಪೂರಾ ಎಣಸು ಈರೇಶ. ಎಷ್ಟು ವಾರ ನೇಯ್ದಾಳ ತಿಳದ್ರ ನೂಲು ಕೊಟ್ಟ ದಿನ ಸಿಗತದ. ಆ ದಿನ ಹಿರೇದು ತೋರಸಲಿಕ್ಕೆ ಕಪಾಟ ಯಾರು ತಗದಿದ್ರು ನೋಡೂಣು. ಅದರ ಮ್ಯಾಲಽ ನಾಳೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ."

ಎಣಿಸಿದೆ. ಆರು ಹಸಿರು, ಒಂದು ಬಿಳಿ. ಆರು ಹಸಿರು, ಒಂದು ಬಿಳಿ. ಎರಡು ಗುರುತಿನ ನಡುವೆ ಹೆಚ್ಚುಕಡಿಮೆ ನಾಲ್ಕೇ ಬೆರಳು. ಆ ವಯಸ್ಸಿನಲ್ಲಿ, ಒಬ್ಬರೇ ಕೂತು, ದಿನಕ್ಕೆ ನಾಲ್ಕು ಬೆರಳು. ಐದು ವಾರ ಹಾಗೇ ಸರಿಯಾಗಿ ಬಂತು.

ಆರನೇ ವಾರಕ್ಕೆ ಒಂಬತ್ತು ಹಸಿರು ಬಂದವು.

ತಪ್ಪು ಎಣಿಸಿದೆ ಅಂದುಕೊಂಡೆ. ನನ್ನ ಮೇಲೆ ನನಗೆ ಯಾವಾಗಲೂ ಮೊದಲ ಅನುಮಾನ. ಮತ್ತೆ ಬಿಳಿಯಿಂದ ಬಿಳಿಗೆ ಬಂದೆ. ಒಂಬತ್ತು. ಏಳನೇ ವಾರಕ್ಕೆ ಹನ್ನೊಂದು. ಅವುಗಳಲ್ಲಿ ಕೆಲವು ನಾಲ್ಕು ಬೆರಳು ಬಿಟ್ಟು ಇರಲಿಲ್ಲ. ಒಂದರ ಪಕ್ಕಕ್ಕೇ ಇನ್ನೊಂದು, ಒತ್ತಿಕೊಂಡು ಕೂತಿದ್ದವು.

ಎರಡು ಶುಕ್ರವಾರಗಳ ನಡುವೆ ಯಾರಿಗೂ ಹನ್ನೊಂದು ದಿನ ಇರುವುದಿಲ್ಲ.

ಗುರುತು ಹಾಕಿ, ಹಾಕಿದ್ದನ್ನು ಮರೆತು, ಅದೇ ಸಂಜೆ ಮತ್ತೆ ಹಾಕಿದರೆ ಹೀಗೆ ಬರುತ್ತದೆ.

ತಲೆ ಎತ್ತಿದೆ. ಎದುರು ಬದಿಯಲ್ಲಿ ಜುಲೇಖಾಬಿಯವರ ಅಂಗೈ ನಿಂತಿತ್ತು. ಅವರು ನನ್ನ ಬೆರಳನ್ನು ನೋಡುತ್ತಿದ್ದರು. ಹೇಮಂತರಾಯರು ಕಿಟಕಿಯ ಹತ್ತಿರ ಮೊಬೈಲಿನಲ್ಲಿ ಯಾರಿಗೋ ಮೆಲ್ಲಗೆ ಮಾತಾಡುತ್ತಿದ್ದರು. ಅವರಿಗೆ ಇದೊಂದು ತಿಳಿದರೆ ಸಾಕಿತ್ತು. ಕರಿ ಮಣಿ, ಎರಡು ಸಹಿ, ಯಾವುದೂ ಉಳಿಯುತ್ತಿರಲಿಲ್ಲ. ವಾರಕ್ಕೆ ಹನ್ನೊಂದು ದಿನ ಎಣಿಸುವವಳ ಮಾತು ಎಂದು ಅವರು ಸ್ಟೇಷನ್ನಿನಲ್ಲಿ ಕನಿಕರದಿಂದ ನಗುತ್ತಿದ್ದರು. ನಾಳೆ ಮತ್ತೆ ಟಂಟಂ ಬರುತ್ತಿತ್ತು.

"ಎಷ್ಟಾತು?" ಎಂದರು ಅಕ್ಕೋರು.

ನಾನು ಏಳನೇ ವಾರದ ಗುರುತುಗಳ ಮೇಲೆ ಮತ್ತೆ ಬೆರಳು ಇಟ್ಟೆ.

ಆಗ ನನ್ನ ಭುಜದ ಮೇಲಿಂದ ಒಂದು ಕೈ ಬಂತು. ಮೈಮುನಬಿಯದು. ಜಮಖಾನದ ಆ ತುದಿಯನ್ನು, ಸರಿಯಾಗಿ ಆರನೇ ವಾರ ಶುರುವಾಗುವ ಬಿಳಿ ಎಳೆಯಿಂದ, ಒಂದು ಬೆರಳು ಹಿಂದಲ್ಲ, ಒಂದು ಬೆರಳು ಮುಂದಲ್ಲ, ಒಳಕ್ಕೆ ಮಡಿಚಿ ಮೇಲೆ ಅಂಗೈ ಒತ್ತಿ ಕೂತಳು.

"ಇದರ ಮುಂದಿಂದು ಎಣಸಬ್ಯಾಡ್ರಿ" ಎಂದಳು, ನನಗೊಬ್ಬನಿಗೇ ಕೇಳುವಷ್ಟು.

ಅತ್ತಿಗೆ ಗುರುತು ಹಾಕುವುದೇ ತನಗೆ ಗೊತ್ತಿಲ್ಲ ಎಂದು ಅರ್ಧ ತಾಸಿನ ಹಿಂದೆ ಹೇಳಿದವಳು. ಎಲ್ಲಿಂದ ಮಡಿಚಬೇಕು ಎನ್ನುವುದು ಅವಳಿಗೆ ಹೇಗೆ ಗೊತ್ತಾಯಿತು?

"ಈರೇಶಾ, ಕಿವಿ ಹೋತೇನೋ? ಎಷ್ಟಾತು?"

"ಇನ್ನೂ ಮುಗದಿಲ್ರಿ ಅಕ್ಕೋರ" ಎಂದೆ. ಅದು ಸುಳ್ಳಾಗಿರಲಿಲ್ಲ. ನಿಜವೂ ಆಗಿರಲಿಲ್ಲ.

ಆ ಕೊನೆಯ ಗುರುತುಗಳು ಜುಲೇಖಾಬಿಯವರ ಮರೆವೋ, ಅವರ ನೆನಪನ್ನು ಕೆಡಿಸಲು ಮೈಮುನಬಿ ಸಿಗಿಸಿದ ಎಳೆಗಳೋ, ಅತ್ತಿಗೆಯ ಮರೆವನ್ನು ಮೊದಲೇ ಕಂಡು ಮುಚ್ಚಿಡುತ್ತಿದ್ದ ನಾದಿನಿಯ ಕೈಯೋ, ನನಗೆ ಗೊತ್ತಿಲ್ಲ. ಹಿರೇ ಜಮಖಾನ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಮುಂದಿನ ವರ್ಷ ಆ ಡಾಕ್ಟರು ಬಂದು ಅದೇ ಪ್ರಶ್ನೆ ಕೇಳಿದಾಗ ಜುಲೇಖಾಬಿ ಏನು ಹೇಳುವ ಸ್ಥಿತಿಯಲ್ಲಿರುತ್ತಾರೆ ಎಂಬುದು ಡಾಕ್ಟರಿಗೂ ಗೊತ್ತಿಲ್ಲ. ಅಕ್ಕೋರು ಮೂರನೇ ಸಲ ಕೇಳಿದಾಗ ನಾನು ಯಾವ ಅಂಕಿ ಹೇಳಬೇಕಿತ್ತು ಎಂಬುದು ಇವತ್ತಿಗೂ ನನಗೆ ಗೊತ್ತಾಗಿಲ್ಲ.